ಬಲೆಗೆ ಬಿದ್ದ ಮೀನನ್ನು ಬಿಡಿಸುವುದು ಹೇಗೆ? ಆಕ್ರಮಣಕಾರಿ ಮೀನು ತೆಗೆಯುವ ಹಂಗಾಮಿ ಕೆಲಸಕ್ಕೆ ಹೋಗುವವರಿಗೆ

ಸರೋವರಕ್ಕೆ ಹೊರಗಿನಿಂದ ಬಂದು ಬೇರೂರಿದ ಮೀನನ್ನು ತೆಗೆಯುವ ಹಂಗಾಮಿ ಕೆಲಸಕ್ಕೆ ಸೇರಿದ ಹೊಸಬರಲ್ಲಿ ಬಹುತೇಕರು ಒಂದೇ ತಪ್ಪು ಮಾಡುತ್ತಾರೆ. ಹೆಚ್ಚು ಮೀನು ಕೊಂದವನೇ ಒಳ್ಳೆಯ ಕೆಲಸಗಾರ ಎಂದುಕೊಳ್ಳುತ್ತಾರೆ. ಸಂಜೆಯ ಹೊತ್ತಿಗೆ ತೊಟ್ಟಿ ತುಂಬಿರುತ್ತದೆ, ನಿಜ. ಆದರೆ ಯಾವ ಮೀನನ್ನು ಉಳಿಸಲೆಂದು ಇಷ್ಟೆಲ್ಲ ಬಲೆ ಹಾಕಿದ್ದೇವೋ ಅದೇ ಮೀನು ರೆಕ್ಕೆ ಹರಿದು, ಕಿವಿರು ಕಿತ್ತು, ಅದೇ ತೊಟ್ಟಿಯ ತಳದಲ್ಲಿ ಸತ್ತು ಬಿದ್ದಿರುತ್ತದೆ. ನಮ್ಮ ಮೀನು ಯಾವುದು, ಹೊರಗಿನದು ಯಾವುದು ಎಂದು ಬಲೆಗೆ ತಿಳಿಯುವುದಿಲ್ಲ. ಬಿಡಿಸುವ ಕೈಗೆ ತಿಳಿದಿರಬೇಕು. ಈ ಲೇಖನದ ಹೆಚ್ಚಿನ ಪಾಲು ಆ ಕೈಗೆ ಮೀಸಲು.

ಈ ಕೆಲಸ ಏಕೆ ಬೇಕು ಎನ್ನುವುದಕ್ಕೆ ಅಮೆರಿಕದ ಯೆಲ್ಲೋಸ್ಟೋನ್ ಸರೋವರಕ್ಕಿಂತ ಸ್ಪಷ್ಟವಾದ ಉದಾಹರಣೆ ಇಲ್ಲ. ಲೇಕ್ ಟ್ರೌಟ್ ಎಂಬ ದೊಡ್ಡ ಬೇಟೆಗಾರ ಮೀನು ಅಲ್ಲಿ ಸೇರಿಕೊಂಡಿರುವುದು 1994ರಲ್ಲಿ ಖಚಿತವಾಯಿತು. ಅಲ್ಲಿನ ಮೂಲ ನಿವಾಸಿ ಕಟ್‌ಥ್ರೋಟ್ ಟ್ರೌಟ್ ಮೊಟ್ಟೆಯಿಡಲು ತೊರೆಗಳನ್ನು ಏರಿ ಬರುತ್ತದೆ. ಕರಡಿ, ನೀರುನಾಯಿ, ಮೀನುಗಿಡುಗಗಳೆಲ್ಲ ಅದನ್ನು ನೆಚ್ಚಿಕೊಂಡಿದ್ದವು. ಲೇಕ್ ಟ್ರೌಟ್ ತೊರೆಗೆ ಬರುವುದೇ ಇಲ್ಲ, ಸರೋವರದ ಒಳಗೇ ಮೊಟ್ಟೆಯಿಡುತ್ತದೆ. ಹಾಗಾಗಿ ಒಂದರ ಜಾಗಕ್ಕೆ ಇನ್ನೊಂದು ಬಂದರೆ ಕರಡಿಗೆ ಸಿಗುವುದು ಬರಿಯ ನೀರು. ಅಂದಿನಿಂದ 40 ಲಕ್ಷಕ್ಕೂ ಹೆಚ್ಚು ಲೇಕ್ ಟ್ರೌಟ್‌ಗಳನ್ನು ಬಲೆ ಹಾಕಿ ತೆಗೆದಿದ್ದಾರೆ. ಹಿಮ ಕರಗಿದ ಮೇಲೆ ಪ್ರತಿವರ್ಷ ದೋಣಿಗಳು ಮತ್ತೆ ಇಳಿಯುತ್ತವೆ, ಏಕೆಂದರೆ ಒಂದೆರಡು ವರ್ಷ ಕೈಬಿಟ್ಟರೂ ಉಳಿದ ಮೀನುಗಳು ಮತ್ತೆ ತುಂಬಿಕೊಳ್ಳುತ್ತವೆ.

ದೋಣಿ ಹತ್ತುವ ಮುನ್ನ

ಮೀನಿನ ಗುರುತನ್ನು ದಡದಲ್ಲೇ ಕಲಿಯಿರಿ. ಬಣ್ಣವನ್ನು ನಂಬಬೇಡಿ. ರಾತ್ರಿಯಿಡೀ ಬಲೆಯಲ್ಲಿದ್ದ ಮೀನಿನ ಬಣ್ಣ ಮಾಸಿರುತ್ತದೆ. ಮಾಸದ ಗುರುತು ಬೇಕು: ಬಾಲದ ಕವಲು, ದವಡೆಯ ಉದ್ದ, ಮೀಸೆ ಇದೆಯೇ ಇಲ್ಲವೇ, ಚುಕ್ಕೆಯ ಬಗೆ. ಲೇಕ್ ಟ್ರೌಟ್‌ಗೆ ಗಾಢವಾದ ಮೈಮೇಲೆ ತಿಳಿ ಚುಕ್ಕೆ, ಬಾಲದಲ್ಲಿ ಆಳವಾದ ಕವಲು. ಕಟ್‌ಥ್ರೋಟ್‌ಗೆ ತಿಳಿ ಮೈಮೇಲೆ ಕಪ್ಪು ಚುಕ್ಕೆ, ದವಡೆಯಡಿ ಕೆಂಪು ಗೀರು. ಮರಿಗಳಲ್ಲಿ ಆ ಗೀರು ಮಸುಕಾಗಿರುವುದರಿಂದ ಮೊದಲು ಚುಕ್ಕೆ ನೋಡಿ, ಆಮೇಲೆ ಗೀರು. ಅನುಮಾನವಿದ್ದರೆ ಅದು ನಮ್ಮ ಮೀನು ಎಂದೇ ತಿಳಿದು ನೀರಿಗೆ ಬಿಡಿ. ಒಂದು ಶತ್ರು ತಪ್ಪಿಸಿಕೊಂಡರೆ ನಾಳೆಯ ಬಲೆ ಇದೆ.

ಉಂಗುರ, ಕೈಗಡಿಯಾರ, ಗುಂಡಿಯಿರುವ ಅಂಗಿ ಬೇಡ. ಬಲೆ ನೀರಿಗೆ ಓಡುವಾಗ ಒಂದು ಗುಂಡಿ ಸಿಕ್ಕಿಕೊಂಡರೆ ಬಲೆಯ ಜೊತೆ ನೀವೂ ಹೋಗುತ್ತೀರಿ. ಜೀವರಕ್ಷಕ ಜಾಕೆಟ್ ಮೈಮೇಲಿರಲಿ, ಅದರ ಎದೆಯ ಮೇಲೆ ಒಂದೇ ಕೈಯಿಂದ ಎಳೆಯಬಹುದಾದ ಚಾಕು ಇರಲಿ. ಇದರಲ್ಲಿ ರಿಯಾಯಿತಿ ಇಲ್ಲ.

ಬಲೆ ಬಿಡುವುದು

ಗಿಲ್‌ನೆಟ್ ನೀರಿನಲ್ಲಿ ಗೋಡೆಯಂತೆ ನಿಲ್ಲುವ ಬಲೆ. ಮೇಲೆ ತೇಲುವ ಹಗ್ಗ, ಕೆಳಗೆ ಸೀಸದ ಹಗ್ಗ. ದೋಣಿ ನಿಧಾನವಾಗಿ ಹಿಂದೆ ಸರಿಯುತ್ತಿರಲಿ, ಬಲೆ ತಾನಾಗಿ ಹೊರಗೆ ಹರಿಯಲಿ, ಕಾಲು ಬಲೆಯ ಸುರುಳಿಯೊಳಗೆ ಇರಬಾರದು. ಇಷ್ಟೇ.

ಎಲ್ಲಿ, ಎಷ್ಟು ಆಳದಲ್ಲಿ, ಎಷ್ಟು ಅಗಲದ ಕಣ್ಣಿನ (ದಾರಗಳ ನಡುವಿನ ತೂತಿನ) ಬಲೆ ಎಂಬುದನ್ನು ತಂಡದ ಮುಖ್ಯಸ್ಥರು ಹೇಳುತ್ತಾರೆ. ಅದರ ತರ್ಕ ನಿಮಗೂ ಗೊತ್ತಿರಬೇಕು. ಎರಡು ತಳಿ ಬೇರೆ ಬೇರೆ ಆಳದಲ್ಲಿ ಇರುವ ಹೊತ್ತು ಹುಡುಕಿ ಬಲೆ ಬಿಟ್ಟರೆ ಬಿಡಿಸುವ ಕೆಲಸ ಅರ್ಧ ಮುಗಿದಂತೆ. ಆಳದ ತಣ್ಣೀರಿನಲ್ಲಿ ಬಲೆ ರಾತ್ರಿ ಕಳೆಯಬಹುದು. ದಡದ ಬೆಚ್ಚನೆಯ ನೀರಿನಲ್ಲಿ ಸಿಕ್ಕ ಮೀನು ಬಹಳ ಹೊತ್ತು ಬದುಕುವುದಿಲ್ಲ, ಅಲ್ಲಿ ಬೇಗ ಎತ್ತಬೇಕು. ಬರಿಯ ದೊಡ್ಡ ಕಣ್ಣಿನ ಬಲೆ ಹಾಕಿ ದೊಡ್ಡ ಮೀನುಗಳನ್ನೇ ತೆಗೆಯುತ್ತ ಹೋದರೆ ಮರಿಗಳಿಗೆ ಜಾಗ, ಆಹಾರ ಎರಡೂ ಧಾರಾಳವಾಗಿ ಸಿಕ್ಕಿ ಅವು ಇನ್ನೂ ಚೆನ್ನಾಗಿ ಬೆಳೆಯುತ್ತವೆ. ಫೋಟೊಗೆ ದೊಡ್ಡ ಮೀನು ಚೆಂದ ಎಂಬ ಕಾರಣಕ್ಕೆ ಸಣ್ಣ ಕಣ್ಣಿನ ಬಲೆಯನ್ನು ದೋಣಿಯಲ್ಲೇ ಉಳಿಸುವವರನ್ನು ನಾನು ಕ್ಷಮಿಸುವುದಿಲ್ಲ.

ಬಿಡಿಸುವುದು

ಎಲ್ಲರೂ ಎಡವುವುದು ಇಲ್ಲಿಯೇ, ಅದೂ ಅವಸರದಿಂದ. ಬಲೆಯನ್ನು ಎರಡೂ ಕಡೆಯಿಂದ ಬಿಗಿಯಾಗಿ ಹಿಡಿದು ಮೀನಿನ ಬಾಲ ಜಗ್ಗುತ್ತಾರೆ. ಬಲೆ ಬಿಗಿಯಾದಷ್ಟೂ ದಾರ ಕಿವಿರಿನೊಳಗೆ ಕೊರೆಯುತ್ತದೆ. ಆದ್ದರಿಂದ ಮೊದಲ ಕೆಲಸ ಬಲೆಯನ್ನು ಸಡಿಲಿಸುವುದು. ಮೀನಿನ ಆಚೀಚೆ ಎರಡು ಮಾರು ಬಲೆಯನ್ನು ಮೇಜಿನ ಮೇಲೆ ರಾಶಿ ಹಾಕಿಕೊಳ್ಳಿ. ಸ್ಥಳೀಯ ಮೀನಾದರೆ ಮೇಜೂ ಬೇಡ, ನೀರು ತುಂಬಿದ ಟಬ್ಬಿನಲ್ಲಿ ಮುಳುಗಿಸಿಯೇ ಬಿಡಿಸಿ. ಕೈ ಒದ್ದೆಯಿರಲಿ. ಒಣ ಕೈ, ಅದಕ್ಕಿಂತ ಹೆಚ್ಚಾಗಿ ಹತ್ತಿಯ ಕೈಗವಸು, ಮೀನಿನ ಮೈಯ ಲೋಳೆಯನ್ನು ಒರೆಸಿ ತೆಗೆಯುತ್ತದೆ. ಆ ಲೋಳೆ ಹೋದ ಮೀನು ಈಜಿಕೊಂಡು ಹೋದರೂ ಕೆಲವು ದಿನಗಳಲ್ಲಿ ಬೂಷ್ಟು ಹಿಡಿದು ಸಾಯಬಹುದು. ಅಂಗಡಿಯಲ್ಲಿ ‘ಮೀನುಗಾರರ ವಿಶೇಷ ಗ್ಲೌಸ್’ ಎಂದು ಮಾರುವ ಒರಟು ಅಂಗೈಯ ಕೈಗವಸುಗಳು ಸತ್ತ ಮೀನಿಗೆ ಸರಿ, ಬದುಕಿಸಬೇಕಾದ ಮೀನಿಗಲ್ಲ. ತೆಳ್ಳನೆಯ ನೈಟ್ರೈಲ್ ರಬ್ಬರಿನ ಕೈಗವಸು ಸಾಕು.

ಈಗ ಮೀನು ಯಾವ ಬದಿಯಿಂದ ನುಗ್ಗಿದೆ ನೋಡಿ. ಬಾಲ ಇರುವ ಬದಿಯೇ ಅದು ಬಂದ ದಾರಿ. ನಂತರ ದಾರ ಎಲ್ಲಿ ಕೂತಿದೆ ನೋಡಿ. ಕಿವಿರಿನ ಮುಚ್ಚಳದ ಅಂಚಿನಲ್ಲೋ ದವಡೆಯಲ್ಲೋ ಸಿಕ್ಕಿದ್ದರೆ ಮೊಂಡು ಮೂತಿಯ ಕೊಕ್ಕೆಯಿಂದ ಆ ಒಂದೇ ಎಳೆಯನ್ನು ಎತ್ತಿ, ಮುಚ್ಚಳದ ಮೇಲಿಂದ ದಾಟಿಸಿ, ತಲೆಯ ಕಡೆಗೆ ಜಾರಿಸಿ. ಮೀನು ಬಂದ ದಾರಿಯಲ್ಲೇ ಹಿಂದಕ್ಕೆ ಸರಿಯುತ್ತದೆ. ದಾರವು ಮೈಯ ದಪ್ಪನೆಯ ಭಾಗವನ್ನೂ ದಾಟಿ ಹಿಂದೆ ಹೋಗಿದ್ದರೆ ಹಿಂದಕ್ಕೆ ಎಳೆಯಲೇಬಾರದು. ಮುಂದಕ್ಕೆ ತಳ್ಳಿ ಹೊರತೆಗೆಯಬೇಕು. ಹುರುಪೆಗಳು ಮನೆಯ ಹೆಂಚಿನಂತೆ ಬಾಲದ ಕಡೆಗೆ ಒಂದರ ಮೇಲೊಂದು ಕೂತಿರುತ್ತವೆ. ಮೀನು ಮುಂದೆ ಸಾಗಿದರೆ ದಾರ ಅವುಗಳ ಮೇಲೆ ಜಾರುತ್ತದೆ, ಹಿಂದೆ ಎಳೆದರೆ ಒಂದೊಂದನ್ನೂ ಕೀಳುತ್ತದೆ. ಬೆನ್ನಿನ ಮುಳ್ಳುರೆಕ್ಕೆ ಎದ್ದಿದ್ದರೆ ಅಂಗೈಯನ್ನು ತಲೆಯಿಂದ ಬಾಲದ ಕಡೆಗೆ ಸವರಿ ಮಡಚಿ ಹಿಡಿಯಿರಿ.

ಮೀನು ಬಲೆಯಲ್ಲಿ ಹೊರಳಾಡಿ ಸುತ್ತಿಕೊಂಡಿದ್ದರೆ ಗಂಟನ್ನು ಬಿಡಿಸಲು ಹೋಗಬೇಡಿ. ಇಡೀ ಮೀನನ್ನು ಸುತ್ತಿನ ಉಲ್ಟಾ ದಿಕ್ಕಿಗೆ ಒಂದೆರಡು ಬಾರಿ ತಿರುಗಿಸಿ, ಅರ್ಧ ಸಿಕ್ಕು ತಾನೇ ಬಿಚ್ಚಿಕೊಳ್ಳುತ್ತದೆ. ಅದಕ್ಕೂ ಬಗ್ಗದಿದ್ದರೆ ಸ್ಥಳೀಯ ಮೀನಿನ ವಿಷಯದಲ್ಲಿ ಕತ್ತರಿ ಹಾಕಿ. ಕಿವಿರಿನ ಹಿಂದಿನ ಒಂದು ಎಳೆ ಕತ್ತರಿಸಿದರೆ ಸಾಕು. ಬಲೆಯ ಹರಿದ ಕಣ್ಣನ್ನು ಸಂಜೆ ಹೆಣೆಯಬಹುದು, ಹರಿದ ಕಿವಿರನ್ನು ಯಾರೂ ಹೆಣೆಯಲಾರರು. ಬಲೆ ಹಾಳಾಯಿತೆಂದು ಗದರುವ ಹಿರಿಯರು ಸಿಗುತ್ತಾರೆ. ಗದರಲಿ, ನೀವು ಕತ್ತರಿಸಿ.

ಕಿವಿರಿಗೆ ಬೆರಳು ಹಾಕಿ ಮೀನು ಎತ್ತುವ ಅಭ್ಯಾಸ ಇದ್ದರೆ ಇಂದೇ ಬಿಡಿ. ಆಳದಿಂದ ಬಂದ ಮೀನಿನ ಹೊಟ್ಟೆ ಉಬ್ಬಿದ್ದರೆ ತಳಿ ಯಾವುದೆಂದು ನೋಡಬೇಕು. ಟ್ರೌಟ್, ಕಾರ್ಪ್‌ಗಳ ಗಾಳಿಚೀಲಕ್ಕೆ ಅನ್ನನಾಳದ ಜೊತೆ ಸಂಪರ್ಕ ಇರುವುದರಿಂದ ಅವು ಬಾಯಿಯ ಮೂಲಕ ಗಾಳಿ ಬಿಡಬಲ್ಲವು. ಪರ್ಚ್, ಬಾಸ್ ಜಾತಿಯ ಮೀನುಗಳಿಗೆ ಆ ದಾರಿ ಇಲ್ಲ. ಅವುಗಳನ್ನು ಮೇಲ್ಮೈಯಲ್ಲಿ ಬಿಟ್ಟರೆ ಹಕ್ಕಿಯ ಬಾಯಿಗೆ ಇಟ್ಟಂತೆ. ಭಾರ ಕಟ್ಟಿದ ಬುಟ್ಟಿಯಲ್ಲಿಟ್ಟು ಆಳಕ್ಕೆ ಇಳಿಸಿ ಬಿಡಬೇಕು. ಸೂಜಿಯಿಂದ ಹೊಟ್ಟೆ ಚುಚ್ಚುವ ಅಡ್ಡದಾರಿಯನ್ನು ಕೈ ಪಳಗದವರು ಮಾಡಲೇಬಾರದು.

ಕೊಲ್ಲುವ ಮುನ್ನ ಒಂದು ಕ್ಷಣ

ಹೊರಗಿನ ಮೀನು ಎಂದು ಖಚಿತವಾದ ಮೇಲೂ ಬೆನ್ನುರೆಕ್ಕೆಯ ಬುಡದಲ್ಲಿ ಪ್ಲಾಸ್ಟಿಕ್ ಪಟ್ಟಿ, ಹೊಟ್ಟೆಯಲ್ಲಿ ಹೊಲಿಗೆಯ ಗುರುತು ಇದೆಯೇ ನೋಡಿ. ಧ್ವನಿ ಸಂಕೇತ ಕಳಿಸುವ ಉಪಕರಣವನ್ನು ಕೆಲವು ಮೀನುಗಳ ಹೊಟ್ಟೆಯಲ್ಲಿಟ್ಟು ಬೇಕೆಂದೇ ಬಿಟ್ಟಿರುತ್ತಾರೆ. ಉಳಿದವು ಎಲ್ಲಿ ಸೇರಿ ಮೊಟ್ಟೆಯಿಡುತ್ತವೆ ಎಂದು ಅವೇ ತೋರಿಸಿಕೊಡುತ್ತವೆ. ಅಂಥ ಮೀನು ಸಿಕ್ಕರೆ ಸಂಖ್ಯೆ ಬರೆದುಕೊಂಡು, ಅದು ಚುರುಕಾಗಿದ್ದರೆ ಮುಖ್ಯಸ್ಥರನ್ನು ಕೇಳಿ ನೀರಿಗೆ ಬಿಡಿ. ಉಳಿದದ್ದಕ್ಕೆ ಕಣ್ಣಿನ ಹಿಂದೆ, ತಲೆಯ ಮೇಲೆ ಒಂದೇ ಗಟ್ಟಿ ಏಟು. ತೊಟ್ಟಿಯಲ್ಲಿ ಉಸಿರುಗಟ್ಟಿ ಸಾಯಲು ಬಿಡುವುದು ಕ್ರೌರ್ಯ. ಆ ಮೀನು ತಾನಾಗಿ ಅಲ್ಲಿಗೆ ಬಂದದ್ದಲ್ಲ, ಮನುಷ್ಯರು ತಂದು ಬಿಟ್ಟದ್ದು.

ಬರೆಯುವುದು

ಬಲೆ ಬಿಟ್ಟ ಸಮಯ, ಎತ್ತಿದ ಸಮಯ, ಆಳ, ಬಲೆಯ ಕಣ್ಣಿನ ಅಳತೆ, ನೀರಿನ ಉಷ್ಣತೆ, ತಳಿವಾರು ಲೆಕ್ಕ, ಉದ್ದ. ನೀರಿಗೆ ಹಾಳಾಗದ ಕಾಗದದ ಮೇಲೆ ಪೆನ್ಸಿಲ್‌ನಿಂದ ಬರೆಯಿರಿ. ಒದ್ದೆ ಬೆರಳಿಗೆ ಮೊಬೈಲ್ ಮಾತು ಕೇಳುವುದಿಲ್ಲ. ಏನೂ ಸಿಗದ ಬಲೆಗೂ ಒಂದು ಸಾಲು ಬೇಕು, ಅದರಲ್ಲಿ ಸೊನ್ನೆ ಬರೆಯಬೇಕು. ನೂರು ಮೀಟರ್ ಬಲೆಗೆ ಒಂದು ರಾತ್ರಿಯಲ್ಲಿ ಎಷ್ಟು ಮೀನು ಎಂಬ ಲೆಕ್ಕದಿಂದಲೇ ಸಂಖ್ಯೆ ಇಳಿಯುತ್ತಿದೆಯೇ ಎಂದು ತಿಳಿಯುವುದು. ಖಾಲಿ ಬಲೆಗಳನ್ನು ಬಿಟ್ಟು ಬರೆದರೆ ಮೀನು ಇರುವುದಕ್ಕಿಂತ ಹೆಚ್ಚು ಇದ್ದಂತೆ ಕಾಣುತ್ತದೆ, ಮುಂದಿನ ವರ್ಷದ ಯೋಜನೆ ಪೂರ್ತಿ ದಾರಿ ತಪ್ಪುತ್ತದೆ.

ತೊಳೆಯುವುದು

ಒಂದು ಸರೋವರದಿಂದ ಇನ್ನೊಂದಕ್ಕೆ ಹೋಗುವ ಮುನ್ನ ದೋಣಿಯ ತಳದ ನೀರನ್ನು ಪೂರ್ತಿ ಬಸಿಯಿರಿ, ಬಲೆಯಲ್ಲಿ ಸಿಕ್ಕ ಜೊಂಡನ್ನು ಕೈಯಿಂದ ಆರಿಸಿ, 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಿಂದ ದೋಣಿ ತೊಳೆಯಿರಿ. ಹೀಗೆ ಒಂದು ನೀರಿನಿಂದ ಇನ್ನೊಂದಕ್ಕೆ ಹರಡುವ ಜೀಬ್ರಾ ಮಸಲ್‌ನಂಥ ಚಿಪ್ಪುಜೀವಿಗಳ ಮರಿಗಳು ಕಣ್ಣಿಗೆ ಕಾಣುವುದಿಲ್ಲ. ಬೂಟಿನ ಅಡಿಯನ್ನು ಬ್ರಷ್‌ನಿಂದ ಉಜ್ಜಿ. ಬಟ್ಟೆಯಂಥ ಮೆತ್ತನೆಯ ಅಟ್ಟೆಯ ಬೂಟು ಬೇಡ, ಅದರೊಳಗೆ ಒದ್ದೆ ದಿನಗಟ್ಟಲೆ ಉಳಿಯುತ್ತದೆ. ರಬ್ಬರ್ ಅಟ್ಟೆಯದನ್ನೇ ಕೊಳ್ಳಿ. ಬಲೆಯನ್ನು ನೆರಳಿನಲ್ಲಿ ಹರಡಿ ಪೂರ್ತಿ ಒಣಗಿಸಿ, ಹರಿದ ಕಣ್ಣುಗಳಿಗೆ ಬಣ್ಣದ ದಾರ ಕಟ್ಟಿ ಗುರುತು ಮಾಡಿ, ಹೆಣೆಯುವವರ ಕೈಗೆ ಕೊಡಿ.