ಅಮೆರಿಕದಲ್ಲಿ ಮನೆಗೆಲಸಕ್ಕೆ ಜನ ಇಟ್ಟುಕೊಂಡಿದ್ದೀರಾ? ಅವರ ಪಿಂಚಣಿ ನಿಮ್ಮ ಕೈಯಲ್ಲೂ ಇದೆ

ಮಗು ನೋಡಿಕೊಳ್ಳುವವರಿಗೆ, ಮನೆ ಕ್ಲೀನ್ ಮಾಡುವವರಿಗೆ ಕೈಗೆ ನಗದು ಕೊಟ್ಟು ಸುಮ್ಮನಾಗಬೇಡಿ. ಅಮೆರಿಕದಲ್ಲಿರುವ ಕನ್ನಡದ ಮನೆಗಳಿಗೆಲ್ಲ ನಾನು ಹೇಳುವುದು ಇದನ್ನೇ.

ನನ್ನ ಮಗನನ್ನು ನೋಡಿಕೊಳ್ಳುವವರು ಕಪ್ಪು ಜನಾಂಗದ ಹೆಂಗಸು. ವಯಸ್ಸು 61. ಚಿಕ್ಕಂದಿನಿಂದ ಬೇರೆಯವರ ಮನೆಯಲ್ಲೇ ದುಡಿದಿದ್ದಾರೆ. ಅವರ ಸೋಷಿಯಲ್ ಸೆಕ್ಯುರಿಟಿ (ಅಮೆರಿಕ ಸರ್ಕಾರದ ಪಿಂಚಣಿ ಯೋಜನೆ) ಲೆಕ್ಕ ತೆರೆದು ನೋಡಿದರೆ ಎಷ್ಟೋ ವರ್ಷಗಳ ಎದುರು ಸೊನ್ನೆ. ಆ ಮನೆಗಳವರು ಇದಕ್ಕೆ ಕಟ್ಟಬೇಕಾದ ತೆರಿಗೆ ಕಟ್ಟಿರಲೇ ಇಲ್ಲ. ನನಗೆ ಸಂಕಟವಾಯಿತು. ಪಿಂಚಣಿ ಲೆಕ್ಕ ಹಾಕುವುದು ಹೆಚ್ಚು ದುಡಿದ 35 ವರ್ಷಗಳ ಮೇಲೆ. ಕಡಿಮೆ ಬಿದ್ದ ಪ್ರತಿ ವರ್ಷಕ್ಕೂ ಸೊನ್ನೆಯೇ ಸೇರುತ್ತದೆ. ಸಂಬಳವೇ ಕಡಿಮೆ, ಅದರಲ್ಲೂ ಅರ್ಧ ಲೆಕ್ಕಕ್ಕೇ ಬಂದಿಲ್ಲ ಅಂದರೆ ಮುಪ್ಪಿನಲ್ಲಿ ಕೈಗೆ ಏನು ಬರುತ್ತದೆ?

ಇದು ಇವತ್ತಿನ ಕಥೆಯಲ್ಲ. 1935ರಲ್ಲಿ ಸೋಷಿಯಲ್ ಸೆಕ್ಯುರಿಟಿ ಕಾನೂನು ಬಂದಾಗ ಮನೆಗೆಲಸದವರನ್ನೂ ಹೊಲದ ಕೂಲಿಗಳನ್ನೂ ಹೊರಗಿಟ್ಟರು. ದುಡಿಯುವ ಕಪ್ಪು ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಆ ಕೆಲಸಗಳಲ್ಲೇ ಇದ್ದರು. ಖಾಯಂ ಮನೆಗೆಲಸದವರನ್ನು ಸೇರಿಸಿಕೊಂಡಿದ್ದು 1950ರ ತಿದ್ದುಪಡಿಯಲ್ಲಿ. ಈಗ ಕಾನೂನು ಅವರ ಪರ ಇದೆ, ಪಾಲಿಸಬೇಕಾದವರು ನಾವು.

ಮೊದಲು ಐಆರ್‌ಎಸ್‌ನಿಂದ (ಅಲ್ಲಿನ ತೆರಿಗೆ ಇಲಾಖೆ) ಇಐಎನ್ ನಂಬರ್, ಅಂದರೆ ಕೆಲಸ ಕೊಡುವವರ ಗುರುತಿನ ಸಂಖ್ಯೆ ತೆಗೆದುಕೊಳ್ಳಿ, ಅದು ಉಚಿತ. ಒಬ್ಬರಿಗೆ ವರ್ಷಕ್ಕೆ 2,800 ಡಾಲರ್ ಅಥವಾ ಹೆಚ್ಚು ಕೊಟ್ಟರೆ (2025ರಲ್ಲಿ ಇದ್ದ ಮಿತಿ ಇದು, ಈಗಿನದನ್ನು ನೋಡಿಕೊಳ್ಳಿ) ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ (ಮುಪ್ಪಿನ ಆರೋಗ್ಯ ವಿಮೆ) ತೆರಿಗೆ ಅಂತ ಸಂಬಳದ 7.65% ಅವರಿಂದ, ಅಷ್ಟೇ ನಿಮ್ಮಿಂದ ಕಟ್ಟಬೇಕು. ವಾರಕ್ಕೆ 600 ಡಾಲರ್ ಸಂಬಳವಾದರೆ ತಲಾ 45.90. "ಕೈಗೆ ಬರೋದು ಕಡಿಮೆಯಾಗುತ್ತೆ" ಅಂತ ಅವರು ಹಿಂಜರಿಯಬಹುದು. ಹಿಂಜರಿಕೆ ಸಹಜ, ಬಾಡಿಗೆ ಈ ತಿಂಗಳೇ ಕಟ್ಟಬೇಕಲ್ವಾ? ಹಾಗಾದರೆ ಅವರ ಪಾಲನ್ನೂ ನೀವೇ ಕಟ್ಟಿ. ಕಾನೂನು ಒಪ್ಪುತ್ತದೆ. ನಾವು ಹಾಗೇ ಮಾಡುತ್ತಿದ್ದೇವೆ.

ವರ್ಷ ಮುಗಿದ ಮೇಲೆ, ಜನವರಿ ಕೊನೆಯೊಳಗೆ ಅವರಿಗೆ ಡಬ್ಲ್ಯೂ-2 (ವರ್ಷದ ಸಂಬಳ, ತೆರಿಗೆಯ ಲೆಕ್ಕದ ಚೀಟಿ) ಕೊಡಿ, ಸೋಷಿಯಲ್ ಸೆಕ್ಯುರಿಟಿ ಕಚೇರಿಗೂ ಕಳಿಸಿ. ನಿಮ್ಮ ಟ್ಯಾಕ್ಸ್ ರಿಟರ್ನ್ ಜೊತೆ ಶೆಡ್ಯೂಲ್ ಎಚ್ (ಮನೆಗೆಲಸದವರ ತೆರಿಗೆ ತೋರಿಸುವ ಫಾರಂ) ಸೇರಿಸಿ. ರಾಜ್ಯದ ನಿಯಮ ಬೇರೆ ಇರುತ್ತದೆ, ಅದನ್ನೂ ನೋಡಿಕೊಳ್ಳಿ.

ಹಳೆಯ ಸೊನ್ನೆಗಳನ್ನು ಸರಿಪಡಿಸಲು ಸಾಮಾನ್ಯವಾಗಿ ಆ ವರ್ಷ ಮುಗಿದು 3 ವರ್ಷ, 3 ತಿಂಗಳು, 15 ದಿನ ಗಡುವು. ಕೆಲವು ವಿನಾಯಿತಿಗಳಿವೆ, ಸೋಷಿಯಲ್ ಸೆಕ್ಯುರಿಟಿ ಕಚೇರಿಯಲ್ಲಿ ಕೇಳಿ ನೋಡಿ. ಹಳೆಯ ಚೀಟಿ, ಬ್ಯಾಂಕ್ ಲೆಕ್ಕ ಏನಿದ್ದರೂ ತರಲು ಹೇಳಿ. 62ಕ್ಕೇ ಪಿಂಚಣಿ ತೆಗೆದುಕೊಳ್ಳುವ ಮುಂಚೆ ಯೋಚಿಸಲೂ ಹೇಳಿ. 1960ರಲ್ಲಿ ಅಥವಾ ಆಮೇಲೆ ಹುಟ್ಟಿದವರಿಗೆ 67ರಲ್ಲಿ ಸಿಗುವುದಕ್ಕಿಂತ 30% ಕಡಿಮೆ ಬರುತ್ತದೆ, ಮತ್ತು ಆ ಕಡಿತ ಕೊನೆಯವರೆಗೂ ಉಳಿಯುತ್ತದೆ.