ವಿನಯಕ್ಕೂ ದೈನ್ಯಕ್ಕೂ ನಡುವಿನ ಎಂಟು ತಿಂಗಳು

2023ರ ಮಾರ್ಚ್‌ನಲ್ಲಿ ನಾನು ಕೆಲಸ ಕಳೆದುಕೊಂಡಾಗ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಡೆವಲಪರ್ ಆಗಿ 11 ವರ್ಷ ತುಂಬಿತ್ತು. ಆ ಅಷ್ಟೂ ವರ್ಷಗಳನ್ನು ಬೆಂಗಳೂರಿನ ಒಂದೇ ಕಂಪನಿಯಲ್ಲಿ ಕಳೆದಿದ್ದೆ. ನಮ್ಮ ಪ್ರಾಜೆಕ್ಟನ್ನೇ ನಿಲ್ಲಿಸಿದ್ದರಿಂದ ಇಡೀ ತಂಡ ಹೊರಬಿದ್ದಿತು. ವರ್ಷಕ್ಕೆ ಹದಿನೈದು ದಿನದ ವೇತನದ ಲೆಕ್ಕದಲ್ಲಿ ಗ್ರಾಚ್ಯುಟಿ ಬಂದಿದ್ದರಿಂದ ಮನೆ ಸಾಲದ ಕಂತುಗಳಿಗೆ ಆರೇಳು ತಿಂಗಳು ಚಿಂತೆಯಿರಲಿಲ್ಲ, ಅಷ್ಟು ದಿನ ಕಾಯಬೇಕಾಗುತ್ತದೆಂದು ನಾನು ಎಣಿಸಿರಲೂ ಇಲ್ಲ. ಇಷ್ಟು ಅನುಭವ ಇರುವವನನ್ನು ಯಾರು ಬೇಡವೆನ್ನುತ್ತಾರೆ ಎಂಬ ನಂಬಿಕೆಯಲ್ಲಿ, ಟೆಕ್ ಲೀಡ್‌ಗಿಂತ (ತಂಡದ ತಾಂತ್ರಿಕ ಮುಖ್ಯಸ್ಥನಿಗಿಂತ) ಕೆಳಗಿನ ಹುದ್ದೆಗಳ ಜಾಹೀರಾತುಗಳನ್ನು ತೆರೆದೂ ನೋಡಲಿಲ್ಲ. ಕೆಲಸ ಹೋಗಿರುವ ಸಂಗತಿಯನ್ನು ಪರಿಚಯದವರಿಗೆ ತಿಳಿಸಲೂ ಇಲ್ಲ. ಅದನ್ನೆಲ್ಲ ನಾನು ಸ್ವಾಭಿಮಾನವೆಂದೇ ತಿಳಿದಿದ್ದೆ.

ಮೊದಲ ಪೆಟ್ಟು ಬಿದ್ದದ್ದು ಏಪ್ರಿಲ್‌ನ ಒಂದು ಸಂದರ್ಶನದಲ್ಲಿ. ವಿಡಿಯೋ ಕರೆಯಲ್ಲಿ ಎದುರಿಗಿದ್ದ ಹೆಣ್ಣುಮಗಳಿಗೆ ನನ್ನ ಅರ್ಧದಷ್ಟೂ ಅನುಭವ ಇದ್ದಿರಲಾರದು. ಕೀ (ಗುರುತಿನ ಹೆಸರು) ಕೊಟ್ಟರೆ ಅದಕ್ಕೆ ಸೇರಿದ ಮಾಹಿತಿಯನ್ನು ಹುಡುಕಿಕೊಡುವ ಜಾವಾದ ಹ್ಯಾಶ್‌ಮ್ಯಾಪ್ ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂದು ಅವರು ಕೇಳಿದರು. ‘ಇದು ಫ್ರೆಷರ್‌ಗಳಿಗೆ ಕೇಳುವ ಪ್ರಶ್ನೆಯಲ್ಲವೇ’ ಎಂದು ಹೇಳಿಯೇ ನಾನು ಉತ್ತರ ಆರಂಭಿಸಿದೆ. ಅವರು ಬೇಸರಪಟ್ಟುಕೊಳ್ಳದೆ, ಬಹಳಷ್ಟು ಕೀಗಳು ಒಂದೇ ಬಕೆಟ್‌ಗೆ, ಅಂದರೆ ಒಂದೇ ಖಾನೆಗೆ, ಬಂದು ಬಿದ್ದರೆ ಏನಾಗುತ್ತದೆ ಎಂದು ಮುಂದುವರಿಸಿದರು. ಅಲ್ಲಿನ ಲಿಂಕ್ಡ್ ಲಿಸ್ಟ್ (ಒಂದಕ್ಕೊಂದು ಪೋಣಿಸಿದ ಸರಪಳಿ) ಬೆಳೆಯುತ್ತಾ ಹೋಗುತ್ತದೆ, ಹುಡುಕಾಟ ನಿಧಾನವಾಗುತ್ತದೆ ಎಂದೆ. ಅದು ಹಳೆಯ ಉತ್ತರ. ಜಾವಾ 8 ಆವೃತ್ತಿಯಿಂದೀಚೆಗೆ ಆ ಸರಪಳಿ 8ರ ಮಿತಿ ದಾಟಿದಾಗ, ಒಟ್ಟು ಬಕೆಟ್‌ಗಳು ಕನಿಷ್ಠ 64 ಇದ್ದರೆ, ಅದು ಹುಡುಕಾಟ ಬೇಗ ಮುಗಿಯುವ ರೆಡ್–ಬ್ಲ್ಯಾಕ್ ಟ್ರೀ ಎಂಬ ರಚನೆಯಾಗಿ ಮಾರ್ಪಡುತ್ತದೆ. ಜಾವಾ 8 ಬಂದದ್ದು 2014ರ ಮಾರ್ಚ್‌ನಲ್ಲಿ. ನಾನು ಪ್ರತಿದಿನ ಬಳಸುತ್ತಿದ್ದದ್ದೂ ಅದನ್ನೇ. ಗೊತ್ತಿರಲಿಲ್ಲ ಎಂಬುದು ದೊಡ್ಡ ತಪ್ಪಲ್ಲ, ಎಷ್ಟೋ ಒಳ್ಳೆಯ ಡೆವಲಪರ್‌ಗಳಿಗೆ ಈ ವಿವರ ಗೊತ್ತಿರುವುದಿಲ್ಲ. ಆದರೆ ಪ್ರಶ್ನೆಯನ್ನು ಕೀಳೆಂದು ಕಂಡು, ಅದೇ ಪ್ರಶ್ನೆಯಲ್ಲಿ ಎಡವಿದವನನ್ನು ತಮ್ಮ ತಂಡಕ್ಕೆ ಯಾರು ತಾನೇ ಸೇರಿಸಿಕೊಳ್ಳುತ್ತಾರೆ? ಮರುದಿನ ಬಂದ ನಿರಾಕರಣೆಯ ಮೇಲ್ ನ್ಯಾಯವಾಗಿಯೇ ಇತ್ತು.

ಜೂನ್ ಹೊತ್ತಿಗೆ ಇಂಥ ಮೇಲ್‌ಗಳು ಇಪ್ಪತ್ತರ ಮೇಲಾಗಿದ್ದವು. ಆಗ ನಾನು ತಕ್ಕಡಿಯ ಇನ್ನೊಂದು ತುದಿಗೆ ಜಾರಿದೆ. ‘ಯಾವ ಕೆಲಸವಾದರೂ ಸರಿ, ಎಷ್ಟು ಸಂಬಳವಾದರೂ ಸರಿ, ದಯವಿಟ್ಟು ಸಹಾಯ ಮಾಡಿ’ ಎಂದು ಲಿಂಕ್ಡ್‌ಇನ್‌ನಲ್ಲಿ ಕಂಡಕಂಡವರಿಗೆಲ್ಲ ಬರೆದೆ. ಇದನ್ನೇ ನಾನು ವಿನಯವೆಂದುಕೊಂಡೆ. ನಿಜಕ್ಕೂ ಅದು ದೈನ್ಯ. ಎರಡಕ್ಕೂ ಇರುವ ವ್ಯತ್ಯಾಸ, ಆ ಸಂದೇಶ ಪಡೆಯುವವನ ಜಾಗದಲ್ಲಿ ನಿಂತು ನೋಡಿದರೆ ಮಾತ್ರ ತಿಳಿಯುತ್ತದೆ. ನನ್ನನ್ನು ಕಂಪನಿಯೊಳಗೆ ಶಿಫಾರಸು ಮಾಡಬೇಕಾದವರಿಗೆ ಹುದ್ದೆಯ ಗುರುತಿನ ಸಂಖ್ಯೆ (ಜಾಬ್ ಐಡಿ) ಬೇಕು, ಆ ಹುದ್ದೆಗೆ ನಾನೇಕೆ ಹೊಂದುತ್ತೇನೆ ಎಂಬ ಎರಡು ಸಾಲು ಬೇಕು. ಅವೆರಡೂ ಇಲ್ಲದ ನನ್ನ ಅಂಗಲಾಚುವಿಕೆ, ಹುಡುಕುವ ಕೆಲಸವನ್ನೂ ಅಳೆಯುವ ಕೆಲಸವನ್ನೂ ಅವರ ತಲೆಗೇ ಹೊರಿಸುತ್ತಿತ್ತು. ಉತ್ತರ ಬರೆಯದೆ ಸುಮ್ಮನಾದವರನ್ನು ನಾನು ಆಗ ಮನಸ್ಸಿನಲ್ಲೇ ನಿಂದಿಸಿದ್ದೇನೆ, ಈಗ ಅದಕ್ಕಾಗಿ ವಿಷಾದವಿದೆ.

ದೈನ್ಯದ ವಾಸನೆ ಹಿಡಿಯುವವರೂ ಇರುತ್ತಾರೆ. ಅದೇ ತಿಂಗಳು ಒಂದು ಕನ್ಸಲ್ಟೆನ್ಸಿಯಿಂದ ಕರೆ ಬಂತು. ಹಣ ಕೊಟ್ಟರೆ ಕೆಲಸವಿಲ್ಲದ ತಿಂಗಳುಗಳನ್ನು ಬೇರೊಂದು ಕಂಪನಿಯ ಅನುಭವವೆಂದು ತೋರಿಸುತ್ತೇವೆ, ಬೇಕಿದ್ದರೆ ಸಂದರ್ಶನವನ್ನು ನಿಮ್ಮ ಪರವಾಗಿ ಬೇರೆಯವರೇ ಕೊಡುತ್ತಾರೆ ಎಂದರು. ಭವಿಷ್ಯನಿಧಿಯ ಯುಎಎನ್ (ಉದ್ಯೋಗಿಯ ಗುರುತಿನ ಸಂಖ್ಯೆ) ದಾಖಲೆಯಲ್ಲಿ ಯಾವ ಸಂಸ್ಥೆಯಲ್ಲಿ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಕೆಲಸ ಮಾಡಿದೆವು ಎಂಬುದು ಕಾಣುತ್ತದೆ, ಹಿನ್ನೆಲೆ ಪರಿಶೀಲಿಸುವವರು ಮೊದಲು ನೋಡುವವುಗಳಲ್ಲಿ ಅದೂ ಒಂದು. ಆದರೆ ಸಿಕ್ಕಿಬೀಳುವ ಭಯಕ್ಕಿಂತ ಹೆಚ್ಚಾಗಿ, ಆ ಕರೆಯನ್ನು ನಾನು ಐದು ನಿಮಿಷ ಕೇಳಿಸಿಕೊಂಡೆನೆಂಬುದೇ ನನ್ನನ್ನು ಎಚ್ಚರಿಸಿತು. ಕೆಲಸವಿಲ್ಲದ ತಿಂಗಳುಗಳನ್ನು ಮುಚ್ಚಿಡಬೇಕೆಂದು ನನಗೂ ಒಳಗೊಳಗೆ ಅನ್ನಿಸಿತ್ತು. ಆ ವಾರವೇ ರೆಸ್ಯೂಮೆಯಲ್ಲಿ ‘ಮಾರ್ಚ್ 2023ರಿಂದ ಕೆಲಸದ ಹುಡುಕಾಟದಲ್ಲಿದ್ದೇನೆ’ ಎಂದು ನೇರವಾಗಿ ಬರೆದೆ. ಮುಂದೆ ಯಾವ ಸಂದರ್ಶನದಲ್ಲೂ ಆ ಸಾಲಿನಿಂದ ತೊಂದರೆಯಾಗಲಿಲ್ಲ.

ಹಿಂದೆ ನಾನೇ ಕೆಲಸ ಕಲಿಸಿದ್ದ ಕಿರಿಯ ಸಹೋದ್ಯೋಗಿಯೊಬ್ಬಳು ಆ ಹೊತ್ತಿಗೆ ಬೇರೆ ಕಂಪನಿಯಲ್ಲಿ ಸಂದರ್ಶನಗಳನ್ನು ನಡೆಸುತ್ತಿದ್ದಳು. ರೆಸ್ಯೂಮೆ ನೋಡಿಕೊಡು ಎಂದು ಅವಳನ್ನು ಕೇಳುವುದಕ್ಕೆ ನನಗೆ ಮೂರು ವಾರ ಬೇಕಾಯಿತು. ಓದಿ ಮುಗಿಸಿದ ಮೇಲೆ ಅವಳು ಕೇಳಿದ್ದು ಒಂದೇ ಮಾತು: ‘ಸರ್, ಇದರಲ್ಲಿ ನೀವು ಎಲ್ಲಿದ್ದೀರಿ?’ ಇಡೀ ಎರಡು ಪುಟಗಳಲ್ಲಿ ತಂಡ ಮಾಡಿದ ಕೆಲಸ, ಪ್ರಾಜೆಕ್ಟಿನ ಗಾತ್ರ, ಬಳಸಿದ ಹದಿನಾರು ತಂತ್ರಜ್ಞಾನಗಳ ಹೆಸರು ಇದ್ದವು. ನಾನೇ ಕೈಯಾರೆ ಮಾಡಿದ್ದು ಯಾವುದೆಂದು ಒಂದು ಸಾಲೂ ಹೇಳುತ್ತಿರಲಿಲ್ಲ. ಹಮ್ಮು ಅಲ್ಲಿಯೂ ಕುಳಿತಿತ್ತು.

ಜುಲೈನಲ್ಲಿ ಊರಿಗೆ ಹೋದೆ. ನಮ್ಮದು ತಿಪಟೂರಿನ ಕಡೆ, ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿದ ತೆಂಗಿನಕಾಯಿಯಿಂದ ಉಂಡೆ ಕೊಬ್ಬರಿ ತೆಗೆದು ಮಾರುಕಟ್ಟೆಗೆ ಒಯ್ಯುವ ಮನೆ. ಅಪ್ಪ ಚೀಲ ತುಂಬುವ ಮೊದಲು ಒಂದೊಂದನ್ನೂ ಕೈಯಲ್ಲಿ ಹಿಡಿದು, ಒಳ್ಳೆಯದು, ಸಣ್ಣದು, ಕೌಟು (ಕೆಟ್ಟುಹೋದದ್ದು) ಎಂದು ಮೂರು ಗುಡ್ಡೆ ಮಾಡುತ್ತಿದ್ದರು. ಮೇಲೆ ಒಳ್ಳೆಯದನ್ನಿಟ್ಟು ಕೆಳಗೆ ಕೌಟನ್ನು ಸೇರಿಸಿದರೆ ಏನಾಗುತ್ತದೆ ಎಂದು ಕೇಳಿದೆ. ‘ಚೀಲ ಸುರಿದೇ ನೋಡ್ತಾರೆ ಕಣಪ್ಪ, ಆಮೇಲೆ ಒಳ್ಳೇದಕ್ಕೂ ರೇಟು ಸಿಗಲ್ಲ’ ಎಂದರು. ಆ ರಾತ್ರಿಯೇ ಒಂದು ನೋಟ್‌ಬುಕ್ ತೆಗೆದುಕೊಂಡು ನನ್ನ ಹದಿನಾರು ತಂತ್ರಜ್ಞಾನಗಳನ್ನು ಮೂರು ಪಟ್ಟಿಯಾಗಿ ವಿಂಗಡಿಸಿದೆ: ಬೇರೆಯವರಿಗೆ ಬೋರ್ಡ್ ಮೇಲೆ ಬರೆದು ವಿವರಿಸಬಲ್ಲವು, ಬಳಸಿದ್ದೇನೆ ಆದರೆ ಒಳಗಿನ ಕೆಲಸ ಗೊತ್ತಿಲ್ಲದವು, ಬರೀ ಹೆಸರು ಕೇಳಿದವು. ಮೊದಲ ಪಟ್ಟಿಯಲ್ಲಿ ಉಳಿದದ್ದು ಐದು. ರೆಸ್ಯೂಮೆಯಲ್ಲಿ ಆ ಐದನ್ನು ಮೇಲಿಟ್ಟೆ, ಎರಡನೆಯ ಪಟ್ಟಿಯನ್ನು ‘ಬಳಕೆಯ ಪರಿಚಯ’ ಎಂದು ಕೆಳಗೆ ಬರೆದೆ, ಮೂರನೆಯದನ್ನು ಅಳಿಸಿಹಾಕಿದೆ.

ಎರಡನೆಯ ಪಟ್ಟಿಯಿಂದ ಮೊದಲನೆಯದಕ್ಕೆ ಕೆಲವನ್ನಾದರೂ ತರಬೇಕಿತ್ತು. ಹೆಚ್ಚಿನ ಜಾಹೀರಾತುಗಳಲ್ಲಿ, ಜಾವಾ ಅಪ್ಲಿಕೇಶನ್ ಕಟ್ಟಲು ಬಳಸುವ ಸ್ಪ್ರಿಂಗ್ ಬೂಟ್‌ನ 3ನೆಯ ಆವೃತ್ತಿ ಕೇಳುತ್ತಿದ್ದರು. 2022ರ ನವೆಂಬರ್‌ನಲ್ಲಿ ಬಂದ ಆ ಆವೃತ್ತಿಗೆ ಕನಿಷ್ಠ ಜಾವಾ 17 ಬೇಕು; ನಾನೋ ಜಾವಾ 8ರಲ್ಲೇ ನಿಂತಿದ್ದವನು. ನಾನೇ ಬರೆದ ಒಂದು ಚಿಕ್ಕ ಹಳೆಯ ಅಪ್ಲಿಕೇಶನ್ನನ್ನು ಹೊಸ ಆವೃತ್ತಿಗೆ ಏರಿಸಲು ಕುಳಿತೆ. ‘ಜಾವಾಎಕ್ಸ್’ ಎಂದು ಆರಂಭವಾಗುವ ಪ್ಯಾಕೇಜ್‌ಗಳು (ಸಿದ್ಧ ಕೋಡ್‌ನ ಕಟ್ಟುಗಳು) ‘ಜಕಾರ್ತಾ’ ಆಗಿವೆ ಎಂದು ಓದಿ, ಎಲ್ಲ ಕಡೆ ಒಂದೇ ಏಟಿಗೆ ಹೆಸರು ಬದಲಿಸಿದೆ. ಡೇಟಾಬೇಸ್ ಭಾಗ ಕಂಪೈಲ್ ಆಗಲೇ ಇಲ್ಲ. ‘ಜಾವಾಎಕ್ಸ್ ಡಾಟ್ ಎಸ್‌ಕ್ಯೂಎಲ್’ ಜಾವಾದ ಮೂಲ ಕಿಟ್‌ಗೇ ಸೇರಿದ್ದರಿಂದ ಅದರ ಹೆಸರು ಬದಲಾಗಿರಲಿಲ್ಲ. ಈ ಒಂದು ತಪ್ಪಿನಿಂದ, ಯಾವುದು ಭಾಷೆಯ ಭಾಗ, ಯಾವುದು ಅದರ ಮೇಲೆ ಕಟ್ಟಿದ್ದು ಎಂಬುದು 11 ವರ್ಷಗಳಲ್ಲಿ ಮೊದಲ ಬಾರಿಗೆ ನನಗೆ ಸ್ಪಷ್ಟವಾಯಿತು. ಮುಂದಿನ ಸಂದರ್ಶನಗಳಲ್ಲಿ ಹೊಸದೇನು ಕಲಿತಿರಿ ಎಂದು ಕೇಳಿದಾಗಲೆಲ್ಲ ಈ ತಪ್ಪನ್ನೇ ವಿವರಿಸಿದೆ, ಮತ್ತು ಅದನ್ನು ಕೇಳುವವರ ಮುಖದಲ್ಲಿ ಆಸಕ್ತಿ ಕಾಣುತ್ತಿತ್ತು.

ನಿರಾಕರಣೆಗಳು ನಿಲ್ಲಲಿಲ್ಲ. ಪ್ರತಿಯೊಂದಕ್ಕೂ ಧನ್ಯವಾದ ಹೇಳಿ, ‘ನಾನು ಮೊದಲು ಸರಿಪಡಿಸಿಕೊಳ್ಳಬೇಕಾದ ಒಂದು ಅಂಶ ಯಾವುದು?’ ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ. ಹೆಚ್ಚಿನವರು ಉತ್ತರಿಸಲಿಲ್ಲ, ಅದು ಅವರ ಕರ್ತವ್ಯವೂ ಅಲ್ಲ. ಉತ್ತರಿಸಿದ ಇಬ್ಬರಲ್ಲಿ ಒಬ್ಬರು, ನಾನು ಪ್ರಶ್ನೆ ಮುಗಿಯುವ ಮೊದಲೇ ಕೋಡ್ ಬರೆಯಲು ತೊಡಗುತ್ತೇನೆ ಎಂದು ತಿಳಿಸಿದರು. ಅಂದಿನಿಂದ ಪ್ರಶ್ನೆಯನ್ನು ನನ್ನ ಮಾತಿನಲ್ಲಿ ತಿರುಗಿ ಹೇಳಿ, ‘ನಾನು ಅರ್ಥಮಾಡಿಕೊಂಡದ್ದು ಸರಿಯೇ?’ ಎಂದು ಕೇಳಿಕೊಂಡ ಮೇಲೆಯೇ ಬರೆಯತೊಡಗಿದೆ. ಎಂಟು ತಿಂಗಳಲ್ಲಿ ನನಗೆ ಸಿಕ್ಕ ಅತ್ಯಂತ ಉಪಯುಕ್ತ ಸಲಹೆ ಅದು.

ಅಕ್ಟೋಬರ್ ಮೂರನೆಯ ವಾರ ವೈಟ್‌ಫೀಲ್ಡ್‌ನಲ್ಲಿ ಮುಖತಃ ಸಂದರ್ಶನವಿತ್ತು. ಮೆಟ್ರೋದ ನೇರಳೆ ಮಾರ್ಗ ಆ ತಿಂಗಳಷ್ಟೇ ಪೂರ್ಣವಾಗಿ ತೆರೆದಿದ್ದರಿಂದ ವಿಜಯನಗರದಲ್ಲಿ ಹತ್ತಿದವನು ಎಲ್ಲಿಯೂ ಇಳಿಯದೆ ತಲುಪಿದೆ. ಸಂದರ್ಶಕರು ಜಾವಾ 21ರ ವರ್ಚುವಲ್ ಥ್ರೆಡ್‌ಗಳ ಬಗ್ಗೆ ಕೇಳಿದರು (ಥ್ರೆಡ್ ಎಂದರೆ ಪ್ರೋಗ್ರಾಂನೊಳಗೆ ಏಕಕಾಲಕ್ಕೆ ನಡೆಯುವ ಕೆಲಸದ ಒಂದೊಂದು ಎಳೆ). ಆ ಆವೃತ್ತಿ ಬಂದು ಒಂದು ತಿಂಗಳಾಗಿತ್ತು. ‘ಬಳಸಿಲ್ಲ. ಯಾವ ತೊಂದರೆಗೆ ಪರಿಹಾರವೆಂದು ಮಾತ್ರ ಹೇಳಬಲ್ಲೆ’ ಎಂದೆ. ಪ್ರತಿ ಕೋರಿಕೆಗೂ ಆಪರೇಟಿಂಗ್ ಸಿಸ್ಟಮ್‌ನ ಒಂದು ಥ್ರೆಡ್ ಮೀಸಲಾಗಿಟ್ಟರೆ, ಡೇಟಾಬೇಸ್‌ನ ಉತ್ತರಕ್ಕೆ ಕಾಯುವ ಹೊತ್ತೆಲ್ಲ ಅದು ಸುಮ್ಮನೆ ಕುಳಿತಿರುತ್ತದೆ ಎಂಬುದನ್ನು ನನ್ನ ಹಳೆಯ ಪ್ರಾಜೆಕ್ಟಿನ ಉದಾಹರಣೆಯೊಂದಿಗೆ ವಿವರಿಸಿದೆ. ಅವರು ಅಲ್ಲಿಂದ ಮುಂದಿನ ಭಾಗವನ್ನು ತಾವೇ ಬೋರ್ಡ್ ಮೇಲೆ ಬರೆದು ತೋರಿಸಿದರು. ಇಬ್ಬರೂ ಇಪ್ಪತ್ತು ನಿಮಿಷ ಅದನ್ನೇ ಚರ್ಚಿಸಿದೆವು.

ನವೆಂಬರ್‌ನಲ್ಲಿ ಕೆಲಸಕ್ಕೆ ಸೇರಿದೆ. ಹುದ್ದೆ ಹಿಂದಿನದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು, ಸಂಬಳವೂ ಕಡಿಮೆ, ಮ್ಯಾನೇಜರ್ ನನಗಿಂತ ಆರು ವರ್ಷ ಚಿಕ್ಕವರು. ಎರಡನೆಯ ವಾರ ನನ್ನ ಮೊದಲ ಕೋಡ್ ರಿವ್ಯೂಗೆ, ಅಂದರೆ ನಾನು ಬರೆದ ಕೋಡ್‌ನ ಪರಿಶೀಲನೆಯಲ್ಲಿ, ಅವರು 19 ಟಿಪ್ಪಣಿ ಬರೆದಿದ್ದರು. 17ನ್ನು ಆ ದಿನವೇ ತಿದ್ದಿದೆ. ಒಂದು ಅರ್ಥವಾಗದೆ ಹೋಗಿ ಕೇಳಿ ತಿಳಿದುಕೊಂಡೆ. ಉಳಿದ ಒಂದನ್ನು ನಾನು ಒಪ್ಪಲಿಲ್ಲ: ಹೊರಗಿನ ಸೇವೆಯೊಂದನ್ನು ಡೇಟಾಬೇಸ್ ಟ್ರಾನ್ಸಾಕ್ಷನ್ನಿನ (ಪೂರ್ತಿಯಾಗಬೇಕಾದ, ಇಲ್ಲವೇ ಪೂರ್ತಿ ರದ್ದಾಗಬೇಕಾದ ಬದಲಾವಣೆಗಳ ಗುಂಪಿನ) ಒಳಗಿಂದಲೇ ಕರೆಯಲು ಅವರು ಸೂಚಿಸಿದ್ದರು. ಆ ಸೇವೆ ತಡಮಾಡಿದರೆ ಡೇಟಾಬೇಸ್ ಕನೆಕ್ಷನ್ ಅಷ್ಟು ಹೊತ್ತೂ ಹಿಡಿದಿಟ್ಟಂತಾಗುತ್ತದೆ, ಕನೆಕ್ಷನ್‌ಗಳ ಸೀಮಿತ ಸಂಗ್ರಹವಾದ ಪೂಲ್ ಖಾಲಿಯಾಗಿ ಇಡೀ ಅಪ್ಲಿಕೇಶನ್ ನಿಲ್ಲುತ್ತದೆ, ಹಿಂದಿನ ಕೆಲಸದಲ್ಲಿ ಒಂದು ರಾತ್ರಿ ಹೀಗೇ ಆದದ್ದನ್ನು ಕಂಡಿದ್ದೇನೆ ಎಂದು ಅದರ ಕೆಳಗೆ ನಾಲ್ಕು ಸಾಲು ಬರೆದೆ. ಸಂಜೆ ನೋಡಿದಾಗ ಅವರು ಆ ಟಿಪ್ಪಣಿಯನ್ನು ಹಿಂದೆಗೆದುಕೊಂಡು, ಆ ರಾತ್ರಿ ಏನಾಯಿತೆಂದು ಸೋಮವಾರ ತಂಡಕ್ಕೆಲ್ಲ ವಿವರಿಸಲು ಸಾಧ್ಯವೇ ಎಂದು ಕೇಳಿದ್ದರು.