ಟಿಸಿ ಸುಟ್ಟು ದಿನಗಟ್ಟಲೆ ಕತ್ತಲೆ: ಎಸ್ಕಾಂನಿಂದ ಪರಿಹಾರ ಕೇಳುವುದು ಹೇಗೆ? ನನ್ನ ಅನುಭವ

ಟಿಸಿ, ಅಂದರೆ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಅದನ್ನು ಗಡುವಿನೊಳಗೆ ಬದಲಿಸಬೇಕಾದದ್ದು ಎಸ್ಕಾಂ (ನಿಮ್ಮ ಭಾಗದ ವಿದ್ಯುತ್ ಸರಬರಾಜು ಕಂಪನಿ), ತಡವಾದರೆ ಪರಿಹಾರ ಕೊಡಬೇಕಾದದ್ದೂ ಅದೇ. ಆ ಗಡುವಿನ ಲೆಕ್ಕ ಶುರುವಾಗುವುದು ಕರೆಂಟ್ ಹೋದ ಗಳಿಗೆಯಿಂದಲ್ಲ, ದೂರು ದಾಖಲಾದ ಗಳಿಗೆಯಿಂದ. ನಾನು ಬರೆದುಕೊಟ್ಟ, ತಿದ್ದಿಕೊಟ್ಟ ಅರ್ಜಿಗಳಲ್ಲಿ ಸೋತವೆಲ್ಲ ಹೆಚ್ಚುಕಡಿಮೆ ಇಲ್ಲೇ ಸೋತಿವೆ. ಊರಿಗೆ ಊರೇ ನಾಲ್ಕು ದಿನ ಕತ್ತಲಲ್ಲಿದ್ದರೂ, ಲೈನ್‌ಮನ್‌ಗೆ ಫೋನ್ ಮಾಡಿ ‘ಅಣ್ಣಾ, ಸ್ವಲ್ಪ ಬಂದು ನೋಡಿ’ ಅಂದದ್ದಷ್ಟೇ ಆಗಿದ್ದರೆ ಕಾಗದದ ಮೇಲೆ ಕರೆಂಟ್ ಹೋಗಿಯೇ ಇಲ್ಲ.

ಹಾಗಾಗಿ ಮೊದಲ ಕೆಲಸ ಎಸ್ಕಾಂ ಸಹಾಯವಾಣಿ 1912ಕ್ಕೆ ಕರೆ. ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ (ನಿಮ್ಮ ಸಂಪರ್ಕದ ಸಂಖ್ಯೆ) ಕೈಯಲ್ಲಿರಲಿ. ಕಂಬದ ಮೇಲೆ ಬಣ್ಣದಲ್ಲಿ ಬರೆದಿರುವ ಟಿಸಿ ನಂಬರನ್ನೂ ಹೇಳಿ. ಡಾಕೆಟ್ ನಂಬರ್, ಅಂದರೆ ದೂರಿನ ಸಂಖ್ಯೆ ಕೊಡುವವರೆಗೆ ಫೋನ್ ಇಡಬೇಡಿ. ನಂಬರ್, ತಾರೀಖು, ಗಂಟೆ ಮೂರನ್ನೂ ಬಿಲ್ಲಿನ ಹಿಂಭಾಗದಲ್ಲೇ ಬರೆದಿಟ್ಟರೆ ಕಳೆದುಹೋಗುವುದಿಲ್ಲ. ಒಂದು ಟಿಸಿಯ ಕೆಳಗೆ ಮೂವತ್ತು ಮನೆ ಇದ್ದರೆ ಮೂವತ್ತು ಮನೆಯವರೂ ಬೇರೆ ಬೇರೆ ದೂರು ಕೊಡುವುದು ಒಳ್ಳೆಯದು. ಒಬ್ಬರು ಕೊಟ್ಟ ದೂರು ಕೆಲಸ ಆಗಲು ಸಾಕು, ಆದರೆ ಪ್ರತಿ ಮನೆಯ ಪರಿಹಾರಕ್ಕೆ ಅವರದೇ ದಾಖಲೆ ಇದ್ದರೆ ವಾದವೇ ಬೇಕಾಗುವುದಿಲ್ಲ.

ಕೆಇಆರ್‌ಸಿಯ (ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ) ಕಾರ್ಯನಿರ್ವಹಣಾ ಮಾನದಂಡಗಳ ಪ್ರಕಾರ ಹಳ್ಳಿಗಳಲ್ಲಿ ಫ್ಯೂಸ್ ಹೋದರೆ 24 ಗಂಟೆಯೊಳಗೆ ಸರಿ ಮಾಡಬೇಕು, ಸುಟ್ಟ ಟಿಸಿಯನ್ನು 72 ಗಂಟೆಯೊಳಗೆ ಬದಲಿಸಬೇಕು. ಯಾವ ಗಡುವು ಅನ್ವಯಿಸುತ್ತದೆ ಅನ್ನುವುದು ದೋಷ ಯಾವುದು ಅನ್ನುವುದರ ಮೇಲೆ ನಿಂತಿದೆ. ಫ್ಯೂಸ್ ಹಾಕಿದೊಡನೆ ಮತ್ತೆ ಹಾರುತ್ತಿದ್ದರೆ, ಟಿಸಿಯ ಮೇಲಿನ ಪಿಂಗಾಣಿ ಬುಶಿಂಗ್ ಒಡೆದಿದ್ದರೆ, ಟ್ಯಾಂಕಿನಿಂದ ಎಣ್ಣೆ ಸೋರಿ ಕಂಬದ ಬುಡ ಕಪ್ಪಾಗಿದ್ದರೆ ಟಿಸಿಯೇ ಹೋಗಿದೆ ಎಂದು ಅನುಮಾನಿಸಬಹುದು. ದೂರದಿಂದಲೇ ಫೋಟೋ ತೆಗೆಯಿರಿ. ಜಿಒಎಸ್ (ಕಂಬದ ಮೇಲಿನ ಲೈನ್ ಸ್ವಿಚ್) ಇಳಿಸುವುದು, ಫ್ಯೂಸ್ ಕಟ್ಟುವುದು ನಮ್ಮ ಕೆಲಸವಲ್ಲ. ಊರಿನ ‘ಎಲ್ಲ ಬಲ್ಲ’ ಹುಡುಗನ ಕೆಲಸವಂತೂ ಅಲ್ಲವೇ ಅಲ್ಲ.

ಇನ್ನು ಎಲ್ಲರೂ ಎಡವುವ ಜಾಗ. ಲೈನ್‌ಮನ್ ಬಂದು, ಟಿಸಿ ಹೋಗಿದೆ ಅಂತ ಬಾಯಲ್ಲಿ ಹೇಳಿ ಹೋಗುತ್ತಾರೆ. ಸಂಜೆಗೆ ‘ನಿಮ್ಮ ದೂರು ಪರಿಹರಿಸಲಾಗಿದೆ’ ಅಂತ ಮೆಸೇಜ್ ಬರುತ್ತದೆ. ಡಾಕೆಟ್ ಮುಚ್ಚಿತು, ಗಡಿಯಾರವೂ ನಿಂತಿತು. ಆ ಮೆಸೇಜನ್ನು ಅಳಿಸಬೇಡಿ. ಅದನ್ನು ಸ್ಕ್ರೀನ್‌ಶಾಟ್ ತೆಗೆದು, ಕೂಡಲೇ ಮತ್ತೆ 1912ಕ್ಕೆ ಕರೆ ಮಾಡಿ, ‘ಹಿಂದಿನ ಡಾಕೆಟ್ ಇಷ್ಟು, ಕರೆಂಟ್ ಬಂದಿಲ್ಲ, ಟಿಸಿ ಸುಟ್ಟಿದೆ’ ಅಂತ ಹೊಸ ದೂರು ಬರೆಸಿ.

ಮಾರನೇ ದಿನವೇ ಸೆಕ್ಷನ್ ಆಫೀಸಿಗೆ ಲಿಖಿತ ಅರ್ಜಿ ಕೊಟ್ಟು, ಅದರ ಪ್ರತಿಯನ್ನು ಸಬ್‌ಡಿವಿಜನ್‌ನ ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಅವರಿಗೂ ಕೊಡಿ. ಅರ್ಧ ಪುಟ ಸಾಕು: ಆರ್‌ಆರ್ ನಂಬರ್‌ಗಳು, ಟಿಸಿ ನಂಬರ್, ಡಾಕೆಟ್ ನಂಬರ್‌ಗಳು ಮತ್ತು ಸಮಯ, ಕೊನೆಗೆ ‘ವಿದ್ಯುಚ್ಛಕ್ತಿ ಕಾಯ್ದೆ 2003ರ 57ನೇ ಕಲಂ ಮತ್ತು ಕೆಇಆರ್‌ಸಿ ಮಾನದಂಡಗಳಂತೆ ವಿಳಂಬಕ್ಕೆ ಪರಿಹಾರವನ್ನು ಪ್ರತಿ ಗ್ರಾಹಕರ ಬಿಲ್ಲಿಗೆ ಜಮಾ ಮಾಡಬೇಕು’ ಎಂಬ ಒಂದು ವಾಕ್ಯ. ನಿಮ್ಮ ಪ್ರತಿಯ ಮೇಲೆ ಮುದ್ರೆ ಮತ್ತು ಇನ್‌ವರ್ಡ್ ನಂಬರ್ ಬೀಳಬೇಕು. ‘ಇಟ್ಟು ಹೋಗಿ’ ಅಂದರೆ ಇಟ್ಟು ಬರಬೇಡಿ, ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ಟಿಸಿ ತರಲು ಟ್ರ್ಯಾಕ್ಟರ್ ನೀವೇ ಮಾಡಿಕೊಳ್ಳಿ, ಮನೆಗಿಷ್ಟು ಸೇರಿಸಿ ಅನ್ನುವ ಮಾತು ಬಂದೇ ಬರುತ್ತದೆ. ಟಿಸಿ ಎಸ್ಕಾಂನ ಆಸ್ತಿ, ಸಾಗಣೆ ಅವರ ಖರ್ಚು. ಕೊಡಲೇಬೇಕಾದ ಪರಿಸ್ಥಿತಿ ಬಂದರೆ ರಸೀದಿ ಕೇಳಿ. ರಸೀದಿ ಕೇಳಿದ ಮೇಲೆ ಆ ಬೇಡಿಕೆ ತಾನಾಗಿ ಕರಗಿದ್ದೂ ಉಂಟು.

ಉತ್ತರ ಬರದಿದ್ದರೆ, ಅಥವಾ ‘ಮಳೆಗಾಳಿಯಿಂದ ಆಗಿದ್ದು, ವಿನಾಯಿತಿ ಇದೆ’ ಅಂತ ಬಂದರೆ ದಾಖಲೆ ಬೇಕು. ಪ್ರವಾಹ, ಬಿರುಗಾಳಿಯಂಥ ಸಂದರ್ಭಕ್ಕೆ ವಿನಾಯಿತಿ ಇರುವುದು ನಿಜ. ಆದರೆ ಪಕ್ಕದ ಟಿಸಿಗಳಿಗೆ ಅದೇ ದಿನ ಕರೆಂಟ್ ಬಂದು ನಿಮ್ಮದಕ್ಕೆ ಮಾತ್ರ ಐದು ದಿನ ಹಿಡಿದಿದ್ದರೆ ಕಾರಣ ಗಾಳಿಯಲ್ಲ, ದಾಸ್ತಾನಿನ ಕೊರತೆ. ಇದನ್ನು ತೋರಿಸುವುದು ಸಬ್‌ಸ್ಟೇಷನ್‌ನ ಲಾಗ್ ಪುಸ್ತಕ: 11 ಕೆವಿ ಫೀಡರ್ (ಸಬ್‌ಸ್ಟೇಷನ್‌ನಿಂದ ಟಿಸಿಗಳಿಗೆ ಬರುವ ಲೈನ್) ಎಷ್ಟು ಗಂಟೆಗೆ ಟ್ರಿಪ್ ಆಯಿತು, ಎಷ್ಟಕ್ಕೆ ಮತ್ತೆ ಚಾರ್ಜ್ ಆಯಿತು ಅಂತ ಅದರಲ್ಲಿ ಬರೆದಿರುತ್ತಾರೆ. ಮಾಹಿತಿ ಹಕ್ಕಿನಲ್ಲಿ ಆ ದಿನಗಳ ಪುಟಗಳನ್ನೂ ಟಿಸಿ ಬದಲಿಸಿದ ದಾಖಲೆಯನ್ನೂ ಕೇಳಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ಊರಿನ ಇತಿಹಾಸವೆಲ್ಲ ಬರೆದರೆ ಅದೇ ನೆಪಕ್ಕೆ ವಾಪಸ್ ಬರುತ್ತದೆ.

ಮುಂದಿನ ಮೆಟ್ಟಿಲು ಎಸ್ಕಾಂನ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ. ಫಾರ್ಮ್ ಎ ತುಂಬಿ, ಮುದ್ರೆ ಬಿದ್ದ ಅರ್ಜಿಯ ಪ್ರತಿ ಲಗತ್ತಿಸಿ. ವಕೀಲರು ಬೇಕಿಲ್ಲ, ಕನ್ನಡದಲ್ಲೇ ಬರೆಯಬಹುದು. ಅಲ್ಲಿಯೂ ಆಗದಿದ್ದರೆ ವಿದ್ಯುಚ್ಛಕ್ತಿ ಒಂಬುಡ್ಸ್‌ಮನ್.

ಮೊತ್ತದ ಬಗ್ಗೆ ಭ್ರಮೆ ಬೇಡ, ಮನೆಯೊಂದಕ್ಕೆ ಬರುವುದು ಚಿಕ್ಕದೇ. ಆದರೆ ಒಂದು ಟಿಸಿಯ ಅಷ್ಟೂ ಮನೆಗಳಿಗೆ ಕೊಡಬೇಕಾಗಿ ಬಂದಾಗ ಮುಂದಿನ ಸಲ ಬದಲಿ ಟಿಸಿ ಬೇಗ ಬರುತ್ತದೆ, ಇದು ನಾನು ಕಂಡದ್ದು. ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುವವರು ತಮಗೆ ಕೇಳುವ ಹಕ್ಕಿಲ್ಲ ಅಂದುಕೊಂಡು ಸುಮ್ಮನಿರುತ್ತಾರೆ. ಕಾಯ್ದೆ ಹೇಳುವುದು ‘ಬಾಧಿತ ವ್ಯಕ್ತಿ’ಗೆ ಪರಿಹಾರ ಅಂತ, ಬಿಲ್ಲಿನ ಮೊತ್ತದ ಮಾತೇ ಅಲ್ಲಿಲ್ಲ.

ಫ್ರಿಜ್ಜು, ಟಿವಿ ಸುಟ್ಟಿದ್ದರೆ ಅದು ಬೇರೆ ದಾರಿ. ನ್ಯೂಟ್ರಲ್ ತಂತಿ ತುಂಡಾದಾಗ ಮನೆಯೊಳಗೆ 400 ವೋಲ್ಟ್ ಸಮೀಪ ನುಗ್ಗಬಹುದು. ಆ ನಷ್ಟಕ್ಕೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬೇಕು. ರಿಪೇರಿಯವನ ಬಿಲ್ಲಿನಲ್ಲಿ ‘ಅಧಿಕ ವೋಲ್ಟೇಜ್‌ನಿಂದ ಸುಟ್ಟಿದೆ’ ಅಂತ ಬರೆಸಿ, ಸುಟ್ಟ ಬೋರ್ಡನ್ನು ಗುಜರಿಗೆ ಹಾಕದೆ ಚೀಲದಲ್ಲಿಡಿ.

ಇಷ್ಟೆಲ್ಲ ನಡೆಯುವಾಗ ಮನೆಯಲ್ಲಿ ಆಕ್ಸಿಜನ್ ಯಂತ್ರದ ಮೇಲಿರುವವರಿದ್ದರೆ, ಅಥವಾ ಊರಿನ ಕುಡಿಯುವ ನೀರಿನ ಬೋರ್‌ವೆಲ್ ಅದೇ ಟಿಸಿಯಲ್ಲಿದ್ದರೆ, ಅರ್ಜಿಯ ಮೊದಲ ಸಾಲಿನಲ್ಲೇ ಅದನ್ನು ಬರೆಯಿರಿ. ಪ್ರತಿಯನ್ನು ಗ್ರಾಮ ಪಂಚಾಯಿತಿ ಪಿಡಿಒ ಅವರಿಗೂ ಕೊಟ್ಟು ನೀರಿನ ಟ್ಯಾಂಕರ್ ಅಂದೇ ಕೇಳಿ.